ಹಗೇವಿನ ಬಾಯಿಗೆ ಕೂತವಳು

ಹಳೇ ಹುಬ್ಬಳ್ಳಿಯಲ್ಲಿ ಮನೆ ಖಾಲಿ ಮಾಡಿಸುವುದಿದ್ದರೆ ಜನ ಶೇವಂತೆವ್ವನಿಗೆ ಹೇಳಿಕಳಿಸುತ್ತಿದ್ದರು. ಮುದುಕರು ತೀರಿಕೊಂಡ ಖೋಲಿ, ಪಾಲಾಗುವ ಮೊದಲು ಅಟ್ಟ ಇಳಿಸಬೇಕಾದ ಅಣ್ಣತಮ್ಮಂದಿರ ಮನೆ, ಬಾಡಿಗೆಯವರು ರಾತ್ರೋರಾತ್ರಿ ಬಿಟ್ಟುಹೋದ ಎರಡಂಕಣ, ಎಲ್ಲಕ್ಕೂ ಅವಳೇ. ಸಾಮಾನು ಹೊರಗೆ ಬರಬೇಕು, ಕಸ ಊರಾಚೆಯ ತಗ್ಗಿಗೆ ಹೋಗಬೇಕು, ನೆಲ ಸಾರಿಸುವಷ್ಟು ಬರಿದಾಗಬೇಕು. ಸಾರಿಸುವುದು ಮನೆಯವರ ಕೆಲಸ. ಅಷ್ಟು ಹೊತ್ತಿಗೆ ಶೇವಂತೆವ್ವ ಹಿತ್ತಿಲ ಬಾಗಿಲಿನಿಂದ ಹೊರಟುಹೋಗಿರುತ್ತಿದ್ದಳು.

ಬಹಳ ದಿನ ಮುಚ್ಚಿದ ಮನೆಗೆ ಅದರದೇ ಒಂದು ವಾಸನೆ. ಹಳೆಯ ಅರಿವೆ, ಇಲಿಯ ಹಿಕ್ಕೆ, ಆರಿಹೋದ ಒಲೆಯ ಬೂದಿ, ಎಲ್ಲ ಕೂಡಿ ಒಂದಾಗಿರುತ್ತದೆ. ಕದ ತೆಗೆದ ಕೂಡಲೇ ಅದು ಎದುರಿಗೆ ಬಂದು ನಿಲ್ಲುತ್ತದೆ. ಶೇವಂತೆವ್ವ ಆ ವಾಸನೆಯ ಎದುರು ಎಂದೂ ನುಗ್ಗಿದವಳಲ್ಲ. ಕದಕ್ಕೆ ಕೋಲಿನಿಂದ ನಾಲ್ಕು ಸಲ ಬಡಿದು, ಕಿಟಕಿಗಳನ್ನು ತೆಗೆಸಿ, ಹೊರಗೆ ಕಟ್ಟೆಯ ಮೇಲೆ ಕೂತು ಎಲೆಅಡಿಕೆ ಹಾಕಿಕೊಳ್ಳುತ್ತಿದ್ದಳು. ಒಂದು ಎಲೆ ಅಗಿದು ಮುಗಿಯುವ ತನಕ ಯಾರೂ ಒಳಗೆ ಕಾಲಿಡುವ ಹಾಗಿರಲಿಲ್ಲ. ಹಾಸಿಗೆ, ಕೌದಿ ಇದ್ದರೆ ತಬ್ಬಿ ಎತ್ತಬಾರದು, ಕೋಲಿನಿಂದ ಎಳೆದು ಬಿಸಿಲಿಗೆ ಹಾಕಬೇಕು. ಮೂಲೆಯ ಗಡಿಗೆಗೆ ಕೈ ಹಾಕುವ ಮೊದಲು ಅದನ್ನು ಮಗ್ಗುಲಿಗೆ ಉರುಳಿಸಬೇಕು. ಸಿಕ್ಕ ಅರಿವೆಯನ್ನು ಸೋಡಾ ಹಾಕಿ ಕುದಿಸದೆ ಯಾರೂ ಮನೆಗೆ ಒಯ್ಯಬಾರದು.

ಇದನ್ನೆಲ್ಲ ಅವಳು ಕಲಿತದ್ದು ಇಲಿ ಬಿದ್ದು ಪ್ಲೇಗು ಬಂದ ವರ್ಷ. ಆಗ ಅವಳಿಗೆ ಹದಿನೆಂಟು. ಓಣಿಗೆ ಓಣಿಯೇ ಮನೆ ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿತ್ತು. ಬಿಟ್ಟುಬಂದ ಮನೆಗಳ ಕಸ ತೆಗೆಯುವ ಕೆಲಸಕ್ಕೆ ಹೋದವರಲ್ಲಿ ಕಾಲಿಗೆ ಚಿಮಣಿ ಎಣ್ಣೆ ಬಳಿದುಕೊಂಡವರು ಉಳಿದರು, ಅದನ್ನು ನೋಡಿ ನಕ್ಕವರಲ್ಲಿ ಕೆಲವರು ಉಳಿಯಲಿಲ್ಲ. ಯಾಕೆ ಎಂದು ಅವಳಿಗೆ ಯಾರೂ ಹೇಳಲಿಲ್ಲ. ಎಣ್ಣೆಯ ವಾಸನೆಗೆ ಚಿಗಟ ಕಾಲಿಗೆ ಹಾರುವುದಿಲ್ಲ ಎಂಬುದನ್ನು ಅವಳು ನೋಡಿಯೇ ತಿಳಿದುಕೊಂಡಳು.

ಅವಳ ಜೊತೆಗೆ ಇಬ್ಬರು. ಒಬ್ಬ ಗೌಸಸಾಬ, ಚಕ್ಕಡಿ ಅವನದು. ದಪ್ಪ ಆಳು, ಮೆಲ್ಲಗೆ ನಡೆಯುವವನು, ಎತ್ತಿನ ಜೊತೆ ಮಾತಾಡುವಷ್ಟೇ ಮರ್ಯಾದೆಯಿಂದ ಜನರ ಜೊತೆಗೂ ಮಾತಾಡುವವನು. ಇನ್ನೊಬ್ಬ ಸೋಮಪ್ಪ, ಅವಳ ತಮ್ಮ. ಅವಳಿಗಿಂತ ಹದಿನಾರು ವರ್ಷ ಚಿಕ್ಕವನು. ಅವ್ವ ಸತ್ತಾಗ ಅವನಿಗೆ ಹಲ್ಲು ಬಂದಿರಲಿಲ್ಲ, ಅಕ್ಕನ ಸೊಂಟದ ಮೇಲೆಯೇ ಬೆಳೆದ. ಮದುವೆಯಾಗಿ ಈರವ್ವ ಮನೆಗೆ ಬಂದ ಮೇಲೂ ಅಕ್ಕ ಕರೆದರೆ ಉಣ್ಣುವ ತಾಟು ಬಿಟ್ಟು ಏಳುತ್ತಿದ್ದ. ಏಳುವಾಗ ಗೊಣಗುತ್ತಿದ್ದ.

ಮನೆ ಖಾಲಿ ಮಾಡುವ ಕೆಲಸದಲ್ಲಿ ಎಲ್ಲಕ್ಕಿಂತ ಕೆಟ್ಟದ್ದು ಹಗೇವು. ಹಳೆಯ ಮನೆಗಳ ಅಂಗಳದಲ್ಲಿ, ಕೆಲವು ಕಡೆ ಪಡಸಾಲೆಯೊಳಗೇ, ಜೋಳ ತುಂಬಿಡಲು ತೋಡಿಸಿದ ತಗ್ಗು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಸಣ್ಣದು. ಒಳಗೆ ಕೊಡದ ಹೊಟ್ಟೆಯ ಹಾಗೆ ಅಗಲ, ಎರಡಾಳಿನ ಆಳ. ಸುತ್ತಲೂ ಹುಲ್ಲು ಹಾಸಿ ಜೋಳ ಸುರಿದು, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ನಾಲ್ಕು ವರ್ಷ ಕಾಳು ಕೆಡುವುದಿಲ್ಲ. ನೀರು ಜಿನುಗಿದರೆ ಮಾತ್ರ ಕೆಡುತ್ತದೆ. ಕೆಟ್ಟ ಜೋಳ ಕತ್ತಲಲ್ಲಿ ಕೂತು ಬಿಸಿಯಾಗುತ್ತದೆ, ಹುಳಿಯಾಗುತ್ತದೆ. ಒಳಗಿನ ಗಾಳಿಯನ್ನೂ ಕೆಡಿಸುತ್ತದೆ. ಆ ಗಾಳಿ ಕಣ್ಣಿಗೆ ಕಾಣುವುದಿಲ್ಲ. ಅದಕ್ಕೆ ಬೇರೆ ವಾಸನೆಯೂ ಇಲ್ಲ. ಜೋಳದ ಹುಳಿ ವಾಸನೆಯ ಕೆಳಗೆ ನೀರಿನ ಹಾಗೆ ತಳದಲ್ಲಿ ನಿಂತಿರುತ್ತದೆ.

ಅವಳ ಗಂಡ ಸತ್ತದ್ದು ಅಂಥ ಒಂದು ಹಗೇವಿನಲ್ಲಿ. ಹೆಬ್ಬಳ್ಳಿಯ ದಾರಿಯಲ್ಲಿ ಒಂದು ತೋಟದ ಮನೆ, ಬೇಸಿಗೆಯ ಮುಂಜಾನೆ. ಮೊದಲು ಗಂಡನ ಅಣ್ಣ ಇಳಿದ. ಬುಟ್ಟಿ ತುಂಬಲಿಲ್ಲ, ಕರೆದರೆ ಓ ಎನ್ನಲಿಲ್ಲ. ಗಂಡ ಒಂದು ಮಾತೂ ಆಡದೆ ಅವನ ಹಿಂದೆ ಇಳಿದ. ಅವನೂ ಓ ಎನ್ನಲಿಲ್ಲ. ಮೂರನೆಯವನು ಆ ಮನೆಯ ಆಳು, ಕಲ್ಲಿಗೆ ಕೈಯೂರಿ ಇಳಿಯಲು ಹೊರಟಿದ್ದ. ಶೇವಂತೆವ್ವ ಅವನ ಎರಡೂ ಕಾಲು ತಬ್ಬಿ ಹಿಡಿದು ನೆಲಕ್ಕೆ ಬಿದ್ದಳು. ಬಿಡಲಿಲ್ಲ. ಸಂಜೆ ಮೇಲೆ ಎತ್ತಿದಾಗ ಅಣ್ಣತಮ್ಮಂದಿರ ಮೈಮೇಲೆ ಒಂದು ಗೀರೂ ಇರಲಿಲ್ಲ. ದಣಿದು ಮಲಗಿದವರ ಹಾಗಿದ್ದರು.

ಎರಡು ವರ್ಷ ಅವಳು ಹಗೇವಿನ ಕೆಲಸ ಒಪ್ಪಲಿಲ್ಲ. ಆಮೇಲೆ ಒಪ್ಪಿದಳು. ಬೇರೆಯವರು ಹೇಗೆ ಇಳಿಯುತ್ತಾರೆ ಎಂದು ನೋಡಿ ಸುಮ್ಮನಿರಲಾಗಲಿಲ್ಲ, ಅಷ್ಟೇ. ಕೆಲಸಕ್ಕೆ ತನ್ನದೇ ಒಂದು ಪದ್ಧತಿ ಮಾಡಿಕೊಂಡಳು. ಕಲ್ಲು ತೆಗೆದ ಮೇಲೆ ಒಂದು ಹಗಲು, ಒಂದು ರಾತ್ರಿ ಬಾಯಿ ಬಿಟ್ಟಿರಬೇಕು. ಮರುದಿನ ಉರಿಯುವ ಕಂದೀಲನ್ನು ಹಗ್ಗಕ್ಕೆ ಕಟ್ಟಿ ತಳ ಮುಟ್ಟುವ ತನಕ ಬಿಟ್ಟು, ಅಂಗಳಕ್ಕೆ ಒಂದು ಸುತ್ತು ಹಾಕಿ ಬಂದು ನೋಡಬೇಕು. ದೀಪ ಉರಿಯುತ್ತಿದ್ದರೆ ಮನುಷ್ಯನೂ ಇಳಿಯಬಹುದು. ಇಳಿಯುವವನ ನಡುವಿಗೆ ಹಗ್ಗ ಇರಬೇಕು. ಇಳಿದ ಮೇಲೆ ಅವನು ಮಾತಾಡುತ್ತಲೇ ಇರಬೇಕು. ಅವಳು ಬಾಯಿಯ ಪಕ್ಕ ಕೂತು ಕೇಳುತ್ತಿದ್ದಳು, ಅವನು ಕೆಳಗಿನಿಂದ ಉತ್ತರ ಕೊಡುತ್ತಿದ್ದ. ಉತ್ತರ ತಡವಾದರೆ ಹಗ್ಗ ಜಗ್ಗುವುದೇ.

"ಸೋಮಾ, ನಿನ್ನೆ ರಾತ್ರಿ ಏನು ಉಂಡಿ?"

"ರೊಟ್ಟಿ, ಝುಣಕಾ."

"ಝುಣಕಾಕ್ಕ ಉಪ್ಪು ಹೆಂಗಾಗಿತ್ತು?"

"ಅದನ್ನ ಇಲ್ಲಿಂದ ಹೇಳಿದ್ರ ಈರವ್ವಗ ಕೇಳಸ್ತೈತಿ, ಮ್ಯಾಲ ಬಂದು ಹೇಳ್ತೇನಿ."

"ಈಗ ಹೇಳು."

"ಕಮ್ಮಿ ಆಗಿತ್ತಬೇ. ಇನ್ನ ಆ ಬುಟ್ಟಿ ಜಗ್ಗ ಅಂತೀಯೋ, ಎಲ್ಲಾರ ಮನಿ ಉಪ್ಪಿನ ಲೆಕ್ಕಾ ಕೇಳ್ತೀಯೋ?"

ಹಗ್ಗ ಹಿಡಿದ ಗೌಸಸಾಬ ನಗುತ್ತಿದ್ದ. "ಶೇವಂತಕ್ಕಾ, ನೀ ವಕೀಲಕಿ ಮಾಡಬೇಕಾಗಿತ್ತು ನೋಡು. ಧಾರವಾಡದ ಕೋರ್ಟಿನ್ಯಾಗೂ ಆರೋಪಿಗೆ ಇಷ್ಟು ಕೇಳೂದಿಲ್ಲ."

"ಅಲ್ಲಿ ಆರೋಪಿ ಸುಮ್ಮನಾದ್ರ ಸಾಯೂದಿಲ್ಲ ಗೌಸಣ್ಣ," ಎನ್ನುತ್ತಿದ್ದಳು.

ಹತ್ತು ವರ್ಷದಲ್ಲಿ ಅವಳ ಕೈಕೆಳಗೆ ಹಗೇವಿನಲ್ಲಿ ಯಾರಿಗೂ ಏನೂ ಆಗಲಿಲ್ಲ. ಏನೂ ಆಗದೆ ಇದ್ದದ್ದರಿಂದಲೇ ಆ ಪದ್ಧತಿ ನೋಡುವವರಿಗೆ ಮುದುಕಿಯ ಹುಚ್ಚಿನ ಹಾಗೆ ಕಾಣತೊಡಗಿತು. ಓಣಿಯಲ್ಲಿ ಸೋಮಪ್ಪನನ್ನು ಹುಡುಗರು ಕೆಣಕುತ್ತಿದ್ದರು. "ಏನಪಾ, ಅಕ್ಕ ಹಗ್ಗ ಕಟ್ಟಿ ಬಿಟ್ಟಾಳೇನು ಇವತ್ತು?" ಇಪ್ಪತ್ತೊಂಬತ್ತರ ಗಂಡಸಿಗೆ ಅದು ಚುಚ್ಚುತ್ತಿತ್ತು. ಅಕ್ಕನ ಮುಂದೆ ಅವನು ಅದನ್ನು ಆಡಿ ತೋರಿಸಲಿಲ್ಲ.

ಯುದ್ಧ ನಡೆದಿದ್ದ ಕಾಲ, ನಲವತ್ತನಾಲ್ಕನೇ ಇಸವಿ. ಅರಳೆ ವ್ಯಾಪಾರಿ ಮುರುಗೆಪ್ಪ ಹಳೇ ಹುಬ್ಬಳ್ಳಿಯಲ್ಲಿ ಒಂದು ಮುರುಕು ವಾಡೆ ಕೊಂಡ. ಮುಂದಿನ ಅಂಕಣಗಳನ್ನು ಕೆಡವಿ ಅರಳೆಯ ಗೋದಾಮು ಮಾಡಬೇಕೆಂದಿದ್ದ. ಮನೆಯೆಲ್ಲ ಖಾಲಿಯಾಯಿತು. ಐದು ದಿನ ಗೌಸಸಾಬನ ಚಕ್ಕಡಿ ಮುರುಕು ಪೆಟ್ಟಿಗೆ, ಒಡಕು ಬೀಸುಕಲ್ಲು, ಗೆದ್ದಲು ತಿಂದ ತೊಲೆ ಹೊತ್ತು ತಿರುಗಿತು. ಕೊನೆಗೆ ಉಳಿದದ್ದು ಅಂಗಳದ ಹಗೇವು. ಅದರೊಳಗೆ ಹಿಂದಿನವರು ಬಿಟ್ಟುಹೋದ ಜೋಳ ಕೊಳೆತು ಹೆಪ್ಪುಗಟ್ಟಿತ್ತು. ಅದನ್ನು ತೆಗೆದು, ಮಣ್ಣು ತುಂಬಿ, ಮೇಲೆ ಕಲ್ಲು ಹಾಸಬೇಕು. ಬುಧವಾರ ಕಲ್ಲು ಹಾಸುವ ಗೌಂಡಿಗಳು ಬರುವವರಿದ್ದರು.

ಸೋಮವಾರ ಮುಂಜಾನೆ ಕಲ್ಲು ತೆಗೆಸಿ ಶೇವಂತೆವ್ವ ಮುರುಗೆಪ್ಪನಿಗೆ ಹೇಳಿದಳು.

"ಸಾವ್ಕಾರ್ರ, ಇದು ನಾಳಿ ಮುಂಜಾನಿತನಕಾ ತಗದ ಇರ್ಲಿ. ಮುಚ್ಚಬ್ಯಾಡ್ರಿ."

"ಆತಳವಾ. ಆದ್ರ ನಾಳಿ ಸಂಜಿಗೆ ಖಾಲಿ ಆಗ್ಬೇಕು ನೋಡು. ಗೌಂಡಿ ಒಮ್ಮೆ ಕೈ ತಪ್ಪಿದ್ರ ಮತ್ತ ಸಿಗೂದಿಲ್ಲ ಈ ದಿನಮಾನದಾಗ."

ಮುರುಗೆಪ್ಪ ಕೆಟ್ಟ ಮನುಷ್ಯನಲ್ಲ. ಕೆಲಸದವರಿಗೆ ಮಧ್ಯಾಹ್ನ ಮಜ್ಜಿಗೆ ಕೊಡಿಸುತ್ತಿದ್ದ, ಮಾತಿನಲ್ಲಿ ಬಿರುಸಿರಲಿಲ್ಲ. ಆ ರಾತ್ರಿ ಕಾವಲಿಗಿದ್ದವನು ಬಂದು, ಕತ್ತಲೆಯಲ್ಲಿ ಯಾರಾದರೂ ಎಡವಿ ಬಿದ್ದಾರು ಎಂದಾಗ, ಹೌದಲ್ಲ ಎಂದು ಹಗೇವಿನ ಬಾಯಿಗೆ ಒಂದು ಹಲಗೆ ಹಾಕಿಸಿ ಮೇಲೆ ಗೋಣಿಚೀಲ ಹೊದಿಸಿದ. ಬೆಳಕು ಹರಿದ ಮೇಲೆ ತಾನೇ ನಿಂತು ತೆಗೆಸಿದ. ಅದನ್ನು ಹೇಳಬೇಕಾದ ಸಂಗತಿ ಎಂದು ಅವನಿಗೆ ಅನಿಸಲೇ ಇಲ್ಲ.

ಮಂಗಳವಾರ ಮೂವರೂ ಬಂದಾಗ ಕಂದೀಲಿನಲ್ಲಿ ಎಣ್ಣೆ ಇರಲಿಲ್ಲ. ಚಿಮಣಿ ಎಣ್ಣೆ ರೇಶನ್ನಾಗಿತ್ತು, ಎರಡು ವಾರದಿಂದ ಅಂಗಡಿಗೆ ಬಂದೇ ಇರಲಿಲ್ಲ. ಅವತ್ತು ಬಂದಿದೆ ಎಂಬ ಸುದ್ದಿ ಇತ್ತು. ಶೇವಂತೆವ್ವ ಬಾಟಲಿ ಸೆರಗಿನಲ್ಲಿ ಹಿಡಿದು ಹೊರಟಳು.

"ಪಾಳಿ ಉದ್ದ ಇರ್ತೈತಿ. ನಾ ಬರೂತನಕಾ ಕಟ್ಟಿ ಮ್ಯಾಲ ಕೂಡ್ರಿ. ಯಾರೂ ಇಳೀಬ್ಯಾಡ್ರಿ."

"ಕೂಡ್ತೇವಿ ತಗೋ. ಬರೂವಾಗ ನನಗ ಒಂದ್ ಬೀಡಿ ಕಟ್ಟು ತಾ," ಎಂದ ಗೌಸಸಾಬ.

ಪಾಳಿ ನಿಜವಾಗಿಯೂ ಉದ್ದವಿತ್ತು. ಬಿಸಿಲು ಅಂಗಡಿಯ ಮೆಟ್ಟಿಲು ದಾಟಿ ಬೀದಿಗೆ ಇಳಿದರೂ ಅವಳ ಸರದಿ ಬರಲಿಲ್ಲ. ಇತ್ತ ವಾಡೆಯ ಅಂಗಳದಲ್ಲಿ ಮುರುಗೆಪ್ಪ ಎರಡು ಸಲ ಬಂದು ನೋಡಿದ. ಮೂರನೆಯ ಸಲ ಬಂದಾಗ ಅವನ ಕೈಯಲ್ಲಿ ಒಂದು ಬ್ಯಾಟರಿ ಇತ್ತು. ಮುಂಬಯಿಯಿಂದ ತಂದದ್ದು, ಬೆಳ್ಳಿಯ ಹಾಗೆ ಹೊಳೆಯುವ ಕೊಳವೆ, ಮುಂದೆ ದಪ್ಪ ಗಾಜು.

"ಒಂದು ದೀಪದ ಸಲುವಾಗಿ ಅರ್ಧ ದಿನ ಹೋತಲ್ಲೋ ಸೋಮಪ್ಪ. ಇದನ್ನ ಹಿಡದು ನೋಡು, ಕಂದೀಲಿಗಿಂತ ಛಲೋ ಕಾಣಸ್ತೈತಿ."

ಸೋಮಪ್ಪ ಗುಂಡಿ ಒತ್ತಿದ. ಬೆಳಕು ಹಗೇವಿನ ತಳಕ್ಕೆ ಹೋಗಿ ಬಿತ್ತು. ಕಂದೀಲಿನ ಮಬ್ಬಿನಲ್ಲಿ ಎಂದೂ ಕಾಣದಿದ್ದದ್ದೆಲ್ಲ ಕಂಡಿತು. ಕರಿಗಟ್ಟಿದ ಹುಲ್ಲು, ಹಪ್ಪಳದ ಹಾಗೆ ಬಿರಿದ ಜೋಳದ ಹೆಪ್ಪು, ಗೋಡೆಯಲ್ಲಿ ಕಾಲಿಡಲು ಕೊರೆದ ಗೂಡುಗಳು. ಬೆಳಕು ಸ್ವಲ್ಪವೂ ಅಲುಗಲಿಲ್ಲ.

ಹತ್ತು ವರ್ಷ ಅವನು ಕಂದೀಲು ಇಳಿಸುವುದನ್ನು ನೋಡಿದ್ದ. ದೀಪ ಉರಿದರೆ ಇಳಿ, ಆರಿದರೆ ಬೇಡ. ಅಕ್ಕ ಹೇಳಿದ್ದು ಅಷ್ಟೇ. ಯಾಕೆ ಎಂದು ಅವನು ಕೇಳಿರಲಿಲ್ಲ, ಅವಳು ಹೇಳಿರಲಿಲ್ಲ. ಅವಳಿಗಾದರೂ ಹೇಳಲು ಬರುತ್ತಿತ್ತೇ? ಗಂಡನ ಸಾವಿನ ಬಗ್ಗೆ ಅವಳು ಮಾತಾಡಿದ್ದೇ ಕಡಿಮೆ. ಈಗ ದೀಪ ಉರಿಯುತ್ತಿತ್ತು. ಕೆಳತನಕ, ಚೊಕ್ಕಟವಾಗಿ ಉರಿಯುತ್ತಿತ್ತು.

"ಬರೇ ನೋಡಿ ಬರ್ತೇನ್ರಿ ಸಾವ್ಕಾರ್ರ," ಎಂದ. "ಹೆಪ್ಪು ಎಷ್ಟು ದಪ್ಪ ಐತಿ ಅಂತ ಗೊತ್ತಾದ್ರ ಅಕ್ಕ ಬರೂದ್ರಾಗ ಸಲಿಕಿ ತಯಾರ ಇಟ್ಕೋಬಹುದು."

ನೋಡಿ ಬರುವವನಿಗೆ ಹಗ್ಗ ಯಾಕೆ? ಗೌಸಸಾಬ ಹೊರಗೆ ಎತ್ತಿಗೆ ನೀರು ಕುಡಿಸುತ್ತಿದ್ದ. ಸೋಮಪ್ಪ ಬ್ಯಾಟರಿ ಕೈಯಲ್ಲಿ ಹಿಡಿದು, ಗೂಡಿನಿಂದ ಗೂಡಿಗೆ ಕಾಲಿಟ್ಟು ಇಳಿದ. ಮುರುಗೆಪ್ಪ ಮೇಲೆ ಬಗ್ಗಿ ನಿಂತು, ಹೆಂಗೈತಿ ಎಂದು ಕೇಳಿದ. ಮೊಳದಷ್ಟು ದಪ್ಪ ಐತ್ರಿ, ಎಂದ ಸೋಮಪ್ಪ. ಕಾಲಿನಿಂದ ಹೆಪ್ಪನ್ನು ತುಳಿದು ಒಡೆದ. ಮತ್ತೇನೋ ಹೇಳಲು ಹೊರಟ.

ಶೇವಂತೆವ್ವ ಬಾಟಲಿ ಹಿಡಿದು ಒಳಗೆ ಬಂದಾಗ ಕಟ್ಟೆ ಖಾಲಿ ಇತ್ತು. ಮುರುಗೆಪ್ಪ ಹಗೇವಿನ ಬಾಯಿಗೆ ಬಗ್ಗಿದ್ದ. ಗೌಸಸಾಬ ಅದೇ ತಾನೇ ಓಡಿಬಂದು ಒಂದು ಕಾಲು ಒಳಗೆ ಇಳಿಬಿಟ್ಟಿದ್ದ.

"ಇಷ್ಟೊತ್ತು ಮಾತಾಡಾಕತ್ತಿದ್ದ," ಎಂದ ಮುರುಗೆಪ್ಪ. "ಈಗ ಸುಮ್ಮನಾದ."

ಅವಳು ಬಾಟಲಿಯನ್ನು ಎಲ್ಲಿ ಇಟ್ಟಳೋ, ಆಮೇಲೆ ಅದು ಒಡೆಯದೆ ಗೋಡೆಯ ಪಕ್ಕ ಸಿಕ್ಕಿತು. ಗೌಸಸಾಬನ ಅಂಗಿಯ ಕೊರಳಪಟ್ಟಿಗೆ ಕೈ ಹಾಕಿ ಹಿಂದಕ್ಕೆ ಎಳೆದಳು. ಅಂಗಿ ಬೆನ್ನಿನ ತನಕ ಹರಿಯಿತು.

"ಬಿಡು ಅಕ್ಕಾ, ಒಳಗ ನಿನ್ನ ತಮ್ಮ ಅದಾನ."

"ನನ್ನ ತಮ್ಮ ಅಂತ ನನಗ ಗೊತ್ತೈತಿ. ಹಿಂದ ಸರಿ."

"ಹಿಂಗ ಹೋಗಿ ಹಂಗ ಎತ್ತಿಕೊಂಡು ಬರ್ತೇನಿ."

"ನೀ ಬರೂದಿಲ್ಲ ಗೌಸಣ್ಣ. ನಾ ಇಬ್ಬರನ್ನ ಎತ್ತಬೇಕಾಗ್ತೈತಿ." ಹೇಳುತ್ತಲೇ ಅವಳು ಹಗೇವಿನ ಬಾಯಿಯ ಕಲ್ಲಿನ ಮೇಲೆ ಅಡ್ಡ ಕೂತುಬಿಟ್ಟಿದ್ದಳು, ಅವಳನ್ನು ದಾಟಿ ಯಾರೂ ಇಳಿಯದ ಹಾಗೆ.

ಕೂತು ಕೆಳಗೆ ನೋಡಿದಳು. ಬ್ಯಾಟರಿ ಅವನ ಕೈಯಿಂದ ಜಾರಿ ಹೆಪ್ಪಿನ ಮೇಲೆ ಬಿದ್ದು ಉರಿಯುತ್ತಿತ್ತು. ಅದರ ಬೆಳಕಿನಲ್ಲಿ ಸೋಮಪ್ಪನ ಕೆನ್ನೆ, ತೆರೆದ ಬಾಯಿ, ಗೋಡೆಗೆ ಆನಿಕೊಂಡ ಭುಜ ಕಂಡವು. ಅವನು ಮಲಗಿರಲಿಲ್ಲ, ಗೋಡೆಗೆ ಒರಗಿ ಕುಸಿದು ಕೂತಿದ್ದ. ಹಾಗೆ ಕೂತಿದ್ದರಿಂದ ಮುಖ ತಳಕ್ಕಿಂತ ಒಂದು ಮೊಳ ಮೇಲಿತ್ತು. ಅಷ್ಟನ್ನು ಅವಳು ನೋಡಿದಳು. ನೋಡಿ, ಕಂಬಳಿ ಕೇಳಿದಳು.

ಗೌಸಸಾಬ ಚಕ್ಕಡಿಯ ಕಂಬಳಿ ತಂದ. ಅದನ್ನು ನೀರಿನ ಬಾನಿಯಲ್ಲಿ ಅದ್ದಿ, ಹಗ್ಗಕ್ಕೆ ಕಟ್ಟಿ, ಹಗೇವಿನೊಳಗೆ ಬಿಟ್ಟು ಎತ್ತಿದರು, ಬಿಟ್ಟು ಎತ್ತಿದರು, ಕಮ್ಮಾರ ತಿದಿ ಒತ್ತಿದ ಹಾಗೆ. ಒಳಗಿನ ಹುಳಿ ಗಾಳಿ ಮುಖಕ್ಕೆ ಬಡಿಯಿತು. ಮುರುಗೆಪ್ಪ ಏನು ಮಾಡಬೇಕೆಂದು ತಿಳಿಯದೆ ನಿಂತಿದ್ದ.

"ಸಾವ್ಕಾರ್ರ, ಬಾಜೂ ಮನಿ ಬಾವಿಗೆ ಪಾತಾಳಗರಡಿ ಇರ್ತೈತಿ. ಓಡ್ರಿ."

ಬಾವಿಗೆ ಬಿದ್ದ ಕೊಡ ಎತ್ತುವ ಕೊಕ್ಕೆಗಳ ಗೊಂಚಲು ಅದು. ಐವತ್ತು ದಾಟಿದ ಅರಳೆ ವ್ಯಾಪಾರಿ, ಎಂದೂ ಓಡದವನು, ಧೋತರ ಎತ್ತಿ ಹಿಡಿದು ಓಡಿದ. ತಂದುಕೊಟ್ಟ.

ಕಂಬಳಿ ಗೌಸಸಾಬನ ಕೈಗೆ ಕೊಟ್ಟು ಅವಳು ಪಾತಾಳಗರಡಿ ಇಳಿಬಿಟ್ಟಳು. ಮೊದಲ ಸಲ ಕೊಕ್ಕೆ ಹುಲ್ಲಿಗೆ ಸಿಕ್ಕಿತು. ಎರಡನೆಯ ಸಲ ಅವನ ಅಂಗಿಗೆ, ಎತ್ತಿದರೆ ಅಂಗಿ ಹರಿಯಿತು. ಮೂರನೆಯ ಸಲ ಏನಕ್ಕೂ ಸಿಗಲಿಲ್ಲ. ಪ್ರತಿ ಸಲವೂ ಅವಳು ಹೆಸರು ಹಿಡಿದು ಕರೆಯುತ್ತಿದ್ದಳು, ಗದರಿಸಿ ಅಲ್ಲ, ದಿನಾಲೂ ಕೇಳುವ ಹಾಗೆ. ಸೋಮಾ, ಎಲ್ಲಿ ಅದೀ. ಸೋಮಾ, ಕೈ ಎತ್ತು. ನಾಲ್ಕನೆಯ ಸಲ ಕೊಕ್ಕೆ ಅವನ ನಡುವಿನ ಚರ್ಮದ ಪಟ್ಟಿಗೆ ಬಿತ್ತು. ಯಾವುದೋ ಮನೆಯ ಹಳೆಯ ಸಾಮಾನಿನಲ್ಲಿ ಸಿಕ್ಕ ಪಟ್ಟಿ ಅದು. ಧೋತರದ ಮೇಲೆ ಪಟ್ಟಿ ಕಟ್ಟಿಕೊಂಡು ಮೆರೆಯುತ್ತಾನೆಂದು ಅವಳೇ ಎಷ್ಟೋ ಸಲ ನಕ್ಕಿದ್ದಳು.

ಮೂವರೂ ಹಗ್ಗ ಜಗ್ಗಿದರು. ಅವನು ಜೋತುಬಿದ್ದ ಗೋಣಿಯ ಹಾಗೆ ಮಡಚಿಕೊಂಡು ಮೇಲೆ ಬಂದ. ಬಾಯಿಯ ಹತ್ತಿರ ಬಂದು ಸಿಕ್ಕಿಕೊಂಡ. ಆಗ ಗೌಸಸಾಬ ಉಸಿರು ಬಿಗಿಹಿಡಿದು ಬೋರಲು ಮಲಗಿ, ಎರಡೂ ತೋಳು ಒಳಗೆ ಚಾಚಿ ಅವನ ಕಂಕುಳಿಗೆ ಕೈ ಹಾಕಿದ. ಶೇವಂತೆವ್ವ ಗೌಸಸಾಬನ ಕಾಲುಗಳ ಮೇಲೆ ಕೂತಿದ್ದಳು.

ಅಂಗಳದ ಬಿಸಿಲಿನಲ್ಲಿ ಮಲಗಿಸಿದಾಗ ಸೋಮಪ್ಪನ ತುಟಿಗಳು ನೇರಳೆಯಾಗಿದ್ದವು. ಗೌಸಸಾಬ ಎದೆಯನ್ನು ಒತ್ತಿದ, ಬಿಟ್ಟ, ಒತ್ತಿದ. ಮುಖಕ್ಕೆ ನೀರು ಹಾಕಿದರು. ಕಟ್ಟೆಯ ನೆರಳು ಒಂದು ಗೇಣು ಸರಿಯುವಷ್ಟು ಹೊತ್ತಾಯಿತು. ಆಮೇಲೆ ಅವನು ಕೆಮ್ಮಿದ, ಮಗ್ಗುಲಾದ, ವಾಂತಿ ಮಾಡಿದ. ಶೇವಂತೆವ್ವ ಅವನ ಬಾಯಿ ಒರೆಸಿ, ಅದೇ ಸೆರಗಿನಿಂದ ತನ್ನ ಕೈ ಒರೆಸಿಕೊಂಡಳು.

ಅವನನ್ನು ಚಕ್ಕಡಿಯಲ್ಲಿ ಡಾಕ್ಟರರ ಕಡೆಗೆ ಕಳಿಸಿದ ಮೇಲೆ ಅವಳು ಅಲ್ಲಿಯೇ ಉಳಿದಳು. ಬಾಟಲಿ ಹುಡುಕಿ ಕಂದೀಲಿಗೆ ಎಣ್ಣೆ ಹಾಕಿದಳು, ಹಚ್ಚಿದಳು, ಹಗ್ಗಕ್ಕೆ ಕಟ್ಟಿದಳು. ಮುರುಗೆಪ್ಪ ಕಂಬಕ್ಕೆ ಒರಗಿ ಕೂತಿದ್ದ.

"ಬರ್ರಿ ಇಲ್ಲೆ," ಎಂದಳು.

ಅವನು ಬಂದು ಬಗ್ಗಿದ. ಕಂದೀಲು ಮೆಲ್ಲಗೆ ಇಳಿಯಿತು. ಅಷ್ಟು ಕಂಬಳಿ ಬೀಸಿದ ಮೇಲೂ ಒಂದಾಳಿನ ಆಳಕ್ಕೆ ಹೋದಾಗ ಅದರ ಉರಿ ಸಣ್ಣದಾಯಿತು. ಇನ್ನೊಂದು ಮೊಳಕ್ಕೆ ನೀಲಿಯಾಗಿ ಬತ್ತಿಗೆ ಅಂಟಿಕೊಂಡಿತು. ಆಮೇಲೆ ಆರಿತು. ಅದರ ಕೆಳಗೆ, ಕೊಳೆತ ಜೋಳದ ಮೇಲೆ, ಮುಂಬಯಿಯ ಬ್ಯಾಟರಿ ಮೊದಲಿನಷ್ಟೇ ಚೊಕ್ಕಟವಾಗಿ ಉರಿಯುತ್ತಿತ್ತು.

ಮುರುಗೆಪ್ಪ ಬಹಳ ಹೊತ್ತು ಅದನ್ನು ನೋಡಿದ.

"ದೀಪ ಅಂದ್ರ ಕಾಣೂ ಸಲುವಾಗಿ ಅಂತ ತಿಳಿದಿದ್ನೆವಾ ನಾನು."

"ಹೌದ್ರಿ."

"ರಾತ್ರಿ ಹಲಗಿ ಮುಚ್ಚಿಸಿದ್ದೆ. ಯಾರರ ಬಿದ್ದಾರು ಅಂತ."

ಅವಳು ಬಾಯಿಯ ಅಂಚಿನಿಂದ ಎದ್ದಳು. ಹಗ್ಗ ಸುತ್ತಿ ಕಂದೀಲು ಎತ್ತಿಕೊಂಡಳು. ಗೌಂಡಿಗಳಿಗೆ ಬರಬೇಡಿರೆಂದು ಅವತ್ತೇ ಹೇಳಿಕಳಿಸಿದ ಮುರುಗೆಪ್ಪ. ಆ ಹಗೇವು ಐದು ಹಗಲು, ಐದು ರಾತ್ರಿ ಬಾಯಿ ತೆರೆದು ಬಿದ್ದಿತ್ತು, ಸುತ್ತಲೂ ಮುಳ್ಳಿನ ಬೇಲಿ. ಆರನೆಯ ದಿನ ಕಂದೀಲು ತಳ ಮುಟ್ಟಿ ಉರಿಯಿತು. ಗೌಸಸಾಬನ ಅಳಿಯ ಹಗ್ಗ ಕಟ್ಟಿಸಿಕೊಂಡು ಇಳಿದ, ಅವಳು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟ. ಸಂಜೆಗೆ ಹಗೇವು ಖಾಲಿಯಾಯಿತು.

ಸೋಮಪ್ಪ ಬದುಕಿದ. ಮೂರು ದಿನ ತಲೆನೋವಿನಿಂದ ಕಣ್ಣು ತೆಗೆಯಲಿಲ್ಲ. ಆ ಮುಂಜಾನೆಯ ನೆನಪೇ ಅವನಿಗೆ ಉಳಿದಿರಲಿಲ್ಲ. ಬ್ಯಾಟರಿ ಹಿಡಿದದ್ದು, ಇಳಿದದ್ದು, ಯಾವುದೂ. ಬಲಗೈ ತುತ್ತು ಎತ್ತುವಾಗ ನಡುಗುತ್ತಿತ್ತು. ಹದಿನೈದು ದಿನಕ್ಕೆ ಕಡಿಮೆಯಾದೀತು, ಇಲ್ಲ ತಿಂಗಳಾದೀತು ಎಂದರು ಡಾಕ್ಟರರು.

ಅವನಿಗೆ ನೆನಪಿಲ್ಲದ್ದನ್ನು ಓಣಿ ಹೇಳಿಕೊಟ್ಟಿತು. ವಾಡೆಯ ಪಕ್ಕದ ಮನೆಯವರು ಗೋಡೆಯ ಮೇಲಿನಿಂದ ನೋಡಿದ್ದರಂತೆ. ತಮ್ಮ ಕೆಳಗೆ ಸಾಯುತ್ತಿದ್ದರೆ ಅಕ್ಕ ಮೇಲೆ ಕಲ್ಲಿನ ಹಾಗೆ ಕೂತಿದ್ದಳಂತೆ. ತಾನೂ ಇಳಿಯಲಿಲ್ಲ, ಇಳಿಯುತ್ತೇನೆಂದ ಸಾಬಣ್ಣನನ್ನೂ ಬಿಡಲಿಲ್ಲವಂತೆ, ಅವನ ಅಂಗಿ ಹರಿದಳಂತೆ. ನಳದ ಹತ್ತಿರ ಈರವ್ವನಿಗೆ ಇದನ್ನು ಮೂರು ಮಂದಿ ಮೂರು ರೀತಿಯಲ್ಲಿ ಹೇಳಿದರು. ಈರವ್ವ ಬಾಯಿಬಡಿದುಕೊಳ್ಳುವ ಹೆಂಗಸಲ್ಲ. ಮನೆಗೆ ಬಂದು ಕೊಡ ಇಳಿಸಿದಳು. ಅವತ್ತಿನಿಂದ ಗಂಡನ ಅಕ್ಕನ ಜೊತೆ ಮಾತು ಬಿಟ್ಟಳು.

ಒಂದೇ ಮನೆ, ಒಂದೇ ಒಲೆ. ಈರವ್ವ ರೊಟ್ಟಿ ಮಾಡಿ ಬುಟ್ಟಿಯಲ್ಲಿಟ್ಟು ಎದ್ದುಹೋಗುತ್ತಿದ್ದಳು. ಶೇವಂತೆವ್ವ ತಾನೇ ಬಡಿಸಿಕೊಂಡು ಉಣ್ಣುತ್ತಿದ್ದಳು. ಸೋಮಪ್ಪ ಇಬ್ಬರ ನಡುವೆ ಗೋಡೆ ನೋಡುತ್ತ ಮಲಗಿರುತ್ತಿದ್ದ. ಇಪ್ಪತ್ತು ದಿನ ಹೀಗೆ ಹೋದವು. ಗೌಸಸಾಬ ಒಮ್ಮೆ ಬಂದು, ಹರಿದ ಅಂಗಿ ಹೊಲಿಸಿಕೊಂಡದ್ದನ್ನು ತೋರಿಸಿ ನಗಿಸಲು ನೋಡಿದ. ಯಾರೂ ನಗಲಿಲ್ಲ.

ಇಪ್ಪತ್ತೊಂದನೆಯ ದಿನ ಶೇವಂತೆವ್ವ ಕೆಲಸದಿಂದ ಬಂದು ಕೈಕಾಲು ತೊಳೆದು ಒಳಗೆ ಬಂದಾಗ ಈರವ್ವ ಒಲೆಯ ಮುಂದಿನಿಂದ ಏಳಲಿಲ್ಲ. ರೊಟ್ಟಿ ತಟ್ಟುತ್ತಲೇ ಇದ್ದಳು.

"ಯಕ್ಕಾ, ಒಂದ್ ಮಾತ ಕೇಳ್ತೇನಿ. ಖರೇ ಹೇಳ್ಬೇಕು."

"ಕೇಳು."

"ಕೊಕ್ಕಿ ನಾಕನೇ ಸಲಕ್ಕ ಪಟ್ಟಿಗೆ ಬಿತ್ತಂತ. ಬೀಳಲಿಲ್ಲ ಅಂತ ತಿಳಿ. ಐದಕ್ಕೂ ಬೀಳಲಿಲ್ಲ, ಆರಕ್ಕೂ ಬೀಳಲಿಲ್ಲ. ಆಗ ನೀ ಇಳೀತಿದ್ದೇನು?"

ಒಳಗಿನ ಖೋಲಿಯಲ್ಲಿ ಸೋಮಪ್ಪ ಮಗ್ಗುಲಾಗುತ್ತಿದ್ದವನು ಅರ್ಧಕ್ಕೇ ನಿಂತ. ಹಾಸಿಗೆಯ ಸಪ್ಪಳ ನಿಂತದ್ದು ಇಬ್ಬರಿಗೂ ಕೇಳಿಸಿತು.

ಶೇವಂತೆವ್ವ ಗೋಡೆಗೆ ಒರಗಿ ಕೂತಳು. ಈರವ್ವ ಒಪ್ಪುವ ಹಾಗೆ ಹೇಳಬಹುದಿತ್ತು. ಅದು ಸುಳ್ಳೆಂದು ಸಾಕ್ಷಿ ಹೇಳುವವರು ಯಾರೂ ಇರಲಿಲ್ಲ.

"ಇಲ್ಲ," ಎಂದಳು.

ಈರವ್ವನ ಕೈ ಹಿಟ್ಟಿನ ಮೇಲೆ ನಿಂತಿತು. ಹಂಚಿನ ಮೇಲಿನ ರೊಟ್ಟಿಯ ಅಂಚು ಕರ್ರಗಾಗತೊಡಗಿತು, ಅವಳು ತಿರುವಿ ಹಾಕಲಿಲ್ಲ.

"ಏಳು ಸಲ, ಹತ್ತು ಸಲ ಕೊಕ್ಕಿ ಬಿಡ್ತಿದ್ದೆ," ಎಂದಳು ಶೇವಂತೆವ್ವ. "ರಾತ್ರಿತನಕಾ ಬಿಡ್ತಿದ್ದೆ. ಇಳೀತಿದ್ದಿಲ್ಲ."

"ನಾ ಇದ್ದಿದ್ರ ಇಳೀತಿದ್ದೆ."

"ಇಳೀತಿದ್ದಿ. ಅದಕ್ಕ ನಿನ್ನ ಒಂದ್ ದಿನಾನೂ ಈ ಕೆಲಸಕ್ಕ ಕರದಿಲ್ಲ."

ಈರವ್ವ ಕರ್ರಗಾದ ರೊಟ್ಟಿಯನ್ನು ತೆಗೆದು ಪಕ್ಕಕ್ಕೆ ಇಟ್ಟಳು. ಇನ್ನೊಂದನ್ನು ತಟ್ಟಿದಳು, ಹಂಚಿಗೆ ಹಾಕಿದಳು, ಮೇಲೆ ನೀರು ಸವರಿದಳು. ಅವಳ ಮುಖದ ಮೇಲೆ ಒಲೆಯ ಬೆಳಕು ಆಡುತ್ತಿತ್ತು. ಅಳುತ್ತಿದ್ದಾಳೋ ಇಲ್ಲವೋ ಶೇವಂತೆವ್ವನಿಗೆ ಹೇಳಲಾಗಲಿಲ್ಲ, ಅವಳು ಹೆಚ್ಚು ನೋಡಲೂ ಇಲ್ಲ. ಒಳಗಿನಿಂದ ಸೋಮಪ್ಪ ಮಗ್ಗುಲಾಗಿ ಮುಗಿಸಿದ ಸಪ್ಪಳ ಬಂತು.

ರೊಟ್ಟಿ ಉಬ್ಬಿತು. ಈರವ್ವ ಅದನ್ನು ಬುಟ್ಟಿಗೆ ಹಾಕದೆ ಒಂದು ತಾಟಿನಲ್ಲಿಟ್ಟಳು, ಪಕ್ಕಕ್ಕೆ ಪಲ್ಯ ಹಾಕಿದಳು. ತಾಟನ್ನು ಗಂಡನ ಅಕ್ಕನ ಮುಂದೆ ನೂಕಿದಳು. ಶೇವಂತೆವ್ವ ಮುರಿದು ಬಾಯಿಗಿಟ್ಟಳು.

"ಇನ್ನೊಂದ್ ಹಾಕ್ಲಿ?" ಎಂದಳು ಈರವ್ವ, ಸ್ವಲ್ಪ ಹೊತ್ತಿನ ಮೇಲೆ.

"ಹಾಕು."